ಬಿಲ್ ಕಟ್ಟಿದ್ದು ಯಾರು?

(ಓದುಗರ ಕೂಟದಲ್ಲಿ ಆಡಿದ ಮಾತು)



ಈ ತಿಂಗಳು ನಾವು ಓದಿದ್ದು ಸಿಲ್ವಿಯಾ ಪ್ಲಾತ್ ಅವರ ‘ದ ಬೆಲ್ ಜಾರ್’. ಕಾಸರಗೋಡಿನಲ್ಲಿ ಕೂತು ಅಮೆರಿಕದ ಹುಡುಗಿಯ ಕಥೆ ಯಾಕೆ ಅಂತ ಕೂಟದಲ್ಲೇ ಪ್ರಶ್ನೆ ಬಂತು. ‘ಶರಪಂಜರ’ದ ಕಾವೇರಿಗಾಗಿ ಅತ್ತವರು ನಾವು, ನಮಗೆ ಈ ಎಸ್ತರ್ ದೂರದವಳಲ್ಲ. ಅದನ್ನು ಬರೆದ ತ್ರಿವೇಣಿ, ಇದನ್ನು ಬರೆದ ಪ್ಲಾತ್ ಇಬ್ಬರೂ ತೀರಿಕೊಂಡದ್ದು 1963ರಲ್ಲೇ. ತ್ರಿವೇಣಿ ಹೆರಿಗೆಯಾಗಿ ಕೆಲವೇ ದಿನಕ್ಕೆ, 34ನೇ ವಯಸ್ಸಿನಲ್ಲಿ. ಪ್ಲಾತ್ ಆತ್ಮಹತ್ಯೆ ಮಾಡಿಕೊಂಡಾಗ 30. ಬೇರೆ ಹೆಸರಿನಲ್ಲಿ ಬಂದ ಅವರ ಕಾದಂಬರಿಗೆ ಆಗ ಒಂದು ತಿಂಗಳೂ ತುಂಬಿರಲಿಲ್ಲ.

ಎಸ್ತರ್ ಗ್ರೀನ್‌ವುಡ್ ಸ್ಕಾಲರ್‌ಶಿಪ್ಪಿನಲ್ಲಿ ಓದುವ ಹುಡುಗಿ, ಎಲ್ಲದರಲ್ಲೂ ಫಸ್ಟ್. 1953ರ ಬೇಸಿಗೆಯಲ್ಲಿ ಒಂದು ಫ್ಯಾಷನ್ ಪತ್ರಿಕೆಯ ಸ್ಪರ್ಧೆ ಗೆದ್ದ 12 ಹುಡುಗಿಯರಲ್ಲಿ ಒಬ್ಬಳಾಗಿ ನ್ಯೂಯಾರ್ಕಿಗೆ ಹೋಗ್ತಾಳೆ. ಊರಿಗೆ ಬಂದ ಮೇಲೆ ನಿದ್ದೆ ಇಲ್ಲ, ಓದಲಿಕ್ಕೆ ಆಗುವುದಿಲ್ಲ, ಬರೆಯಲಿಕ್ಕೂ ಆಗುವುದಿಲ್ಲ. ಗಾಜಿನ ಜಾಡಿ ಕವುಚಿ ಹಾಕಿ ಅದರೊಳಗಿನ ಹಳಸಿದ ಗಾಳಿಯನ್ನೇ ಉಸಿರಾಡಿದ ಹಾಗೆ. ಹೆಸರು ಬಂದದ್ದು ಅಲ್ಲಿಂದ.

ನಾವು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ವಿಮರ್ಶೆ ನಮಗೆ ಬರುವುದಿಲ್ಲ. ಕಾದಂಬರಿ ಓದುವಾಗಲೂ ಕಣ್ಣು ಲೆಕ್ಕದ ಮೇಲೆಯೇ. ಈ ಪುಸ್ತಕದಲ್ಲಿ ಲೆಕ್ಕ ಎಷ್ಟು ಉಂಟು ಅಂತೀರಿ! ಎಸ್ತರಳ ಅಪ್ಪ ಇನ್ಶೂರೆನ್ಸ್ ಏಜೆಂಟರನ್ನು ನಂಬದವರು, ಸತ್ತಾಗ ದುಡ್ಡು ಬಿಟ್ಟು ಹೋಗಲಿಲ್ಲ. ಅಮ್ಮ ಶಾರ್ಟ್‌ಹ್ಯಾಂಡ್, ಟೈಪಿಂಗ್ ಕಲಿಸಿ ಮನೆ ನಡೆಸಿದ್ದು. ಮೊದಲು ತೋರಿಸಿದ ಡಾಕ್ಟರರ ಫೀಸು ಗಂಟೆಗೆ 25 ಡಾಲರ್. ಆ ಪುಣ್ಯಾತ್ಮ ಹುಡುಗಿಯ ಮಾತು ಸರಿಯಾಗಿ ಕೇಳಲೂ ಇಲ್ಲ, ಶಾಕ್ ಕೊಟ್ಟು ಇನ್ನಷ್ಟು ಹೆದರಿಸಿದ.

ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದ ಮೇಲೆ ಅಮ್ಮನ ಉಳಿತಾಯ ಹೆಚ್ಚುಕಡಿಮೆ ಖಾಲಿ. ಅವಳ ಸ್ಕಾಲರ್‌ಶಿಪ್ಪಿಗೆ ದುಡ್ಡು ಕೊಟ್ಟ ಶ್ರೀಮಂತ ಕಾದಂಬರಿಕಾರ್ತಿ ಪೇಪರಿನಲ್ಲಿ ಸುದ್ದಿ ಓದಿ ತಂತಿ ಕಳಿಸ್ತಾರೆ. ವಿಷಯದಲ್ಲಿ ಹುಡುಗ ಇದ್ದಾನಾ ಅಂತ ಮೊದಲ ಪ್ರಶ್ನೆ! ಇದ್ದರೆ ತಾನು ಕೈ ಹಾಕುವುದಿಲ್ಲ. ಇಲ್ಲ, ಇನ್ನು ಬರೆಯಲಿಕ್ಕೇ ಆಗದು ಅಂತ ಅವಳಿಗೆ ಭಯ ಅಂತ ಅಮ್ಮ ಉತ್ತರ ಕೊಟ್ಟ ಮೇಲೆ ಖಾಸಗಿ ಆಸ್ಪತ್ರೆಯ ಖರ್ಚು ಅವರದ್ದು. ಇಲ್ಲದಿದ್ದರೆ ತಾನು ಪಕ್ಕದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಇರ್ತಿದ್ದೆ ಅಂತ ಎಸ್ತರಳಿಗೆ ಚೆನ್ನಾಗಿ ಗೊತ್ತು. ಪ್ಲಾತ್ ಜೀವನದಲ್ಲೂ ಹೀಗೇ ಆಯಿತು. ದುಡ್ಡು ಕೊಟ್ಟದ್ದು ಆಲಿವ್ ಹಿಗಿನ್ಸ್ ಪ್ರೌಟಿ ಎಂಬ ಲೇಖಕಿ, ಆಸ್ಪತ್ರೆ ಮೆಕ್ಲೀನ್. ಒಬ್ಬ ಹುಡುಗ ಕಾರಣ ಅಂತ ಬರೆದಿದ್ದರೆ ಏನು ಗತಿ?

ಅಲ್ಲಿ ಸಿಕ್ಕ ಡಾ. ನೋಲನ್ ಹೆಂಗಸು. ಶಾಕ್ ಕೊಡುವುದಾದರೆ ಮೊದಲೇ ಹೇಳ್ತೇನೆ ಅಂತ ಮಾತು ಕೊಟ್ಟವರು. ಒಂದು ದಿನ ಹೇಳುವುದು ತಡವಾದಾಗ ತಾವೇ ಬಂದು ಸಮಾಧಾನ ಮಾಡಿ, ಜೊತೆಗೆ ನಡೆದು ಹೋಗ್ತಾರೆ. ನಮ್ಮ ಕೂಟದಲ್ಲಿ ಹೆಚ್ಚು ಚರ್ಚೆಯಾದ ಪುಟ ಇದೇ. ಅದೇ ಶಾಕ್, ಆದರೆ ಈ ಸಲ ಆ ಜಾಡಿ ಸ್ವಲ್ಪ ಮೇಲೇಳ್ತದೆ.

ನಮ್ಮ ಕೌಂಟರಿಗೆ ಬರುವವರಿಗೆ ಕಾದಂಬರಿಕಾರ್ತಿ ಸಿಗುವುದಿಲ್ಲ ಮಾರಾಯ್ರೆ, ಚಿನ್ನ ಅಡವಿಡಬೇಕು. ಹಾಗಾಗಿ ಎರಡು ವಿಷಯ ಹೇಳಿಬಿಡ್ತೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇನ್ಶೂರೆನ್ಸ್ ಕಂಪೆನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಪಾಲಿಸಿ ತೆಗೆದು ಓದಿ, ಕೇಳಿ. ಇನ್ನೊಂದು, ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಉಚಿತ. ಭಾಷೆ ಆರಿಸುವ ಅವಕಾಶವೂ ಉಂಟು. ಸಂಕಟವನ್ನು ಮನೆಮಾತಲ್ಲೇ ಹೇಳಲು ಕಷ್ಟ, ಇನ್ನು ಪರಭಾಷೆಯಲ್ಲಿ?

ಪುಸ್ತಕ ಬೇಕಾದವರು ಸಭೆ ಮುಗಿದ ಮೇಲೆ ತಗೊಳ್ಳಿ. ಆತ್ಮಹತ್ಯೆಯ ಯೋಚನೆಗಳು ಅದರಲ್ಲಿ ತುಂಬ ಬರ್ತವೆ, ಮನಸ್ಸು ಸರಿ ಇಲ್ಲದ ಹೊತ್ತಿನಲ್ಲಿ ಒಬ್ಬರೇ ಕೂತು ಓದಬೇಡಿ.