ಒಂದೇ ಬೆರಳು, ಎರಡು ತೀರ್ಪು



1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಸಂದವು. ರಾಜ್ಯವನ್ನಾಳುತ್ತಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಜನಾದೇಶ ಕೋರಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೇ ಒಪ್ಪಿಸಿದರು. ನಡುವೆ ಮೂರು ತಿಂಗಳೂ ತುಂಬಿರಲಿಲ್ಲ.

ಇದನ್ನು ಚಂಚಲತೆಯೆಂದು ಜರೆಯುವವರುಂಟು. ಆದರೆ ಮತದಾರನ ಮುಂದಿದ್ದ ಪ್ರಶ್ನೆಗಳೇ ಬೇರೆ. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳೂ ಆಗದಿದ್ದಾಗ, ದೇಶವನ್ನು ಯಾರ ಕೈಗೆ ಕೊಡಬೇಕೆಂಬುದು ಡಿಸೆಂಬರಿನ ಪ್ರಶ್ನೆ. ಊರಿಗೆ ಕೊಳವೆಬಾವಿ ತಂದವರು ಯಾರೆಂಬುದು ಮಾರ್ಚಿನದು. ಹೆಗಡೆ ಸಂಪುಟದ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗರು ‘ನೀರ್ ಸಾಬ್’ ಎಂದು ಕರೆದದ್ದು ಸುಮ್ಮನಲ್ಲ.

ಅನುಕಂಪ ತಣಿದ ಮೇಲೆ ಮನಸ್ಸು ಬದಲಾಯಿತಷ್ಟೇ ಎಂಬ ಆಕ್ಷೇಪಕ್ಕೂ ತೂಕವಿದೆ. ಅದಕ್ಕೆ ಉತ್ತರ ಒಡಿಶಾದಲ್ಲಿದೆ. ಅಲ್ಲಿ ವಿಧಾನಸಭೆಗೂ ಲೋಕಸಭೆಗೂ ಮತದಾನ ಒಂದೇ ದಿನ, ಒಂದೇ ಕೊಠಡಿ, ಎರಡು ಯಂತ್ರ. 2019ರಲ್ಲಿ ನವೀನ್ ಪಟ್ನಾಯಕರ ಬಿಜೆಡಿ ವಿಧಾನಸಭೆಯನ್ನು ಭಾರೀ ಬಹುಮತದಿಂದ ಗೆದ್ದಿತು. ಆದರೆ ಲೋಕಸಭೆಯ 21 ಸ್ಥಾನಗಳಲ್ಲಿ 8 ಬಿಜೆಪಿಗೆ ಹೋದವು. 2024ರಲ್ಲಿ ಬಿಜೆಡಿ ಅಧಿಕಾರವನ್ನೇ ಕಳೆದುಕೊಂಡಿತು. ಲೋಕಸಭೆಗೆ ಅದರ ಒಬ್ಬರೂ ಆರಿಸಿಬರಲಿಲ್ಲ. ವಿಧಾನಸಭೆಗೆ ಮಾತ್ರ 51 ಮಂದಿ ಬಂದರು. ಯಂತ್ರದಿಂದ ಯಂತ್ರಕ್ಕೆ ಸರಿಯುವಷ್ಟರಲ್ಲಿ ಅನುಕಂಪ ತಣಿಯಲಾರದು.

ದೆಹಲಿಯ ಕನ್ನಡಿಗರಿಗೆ ಇದು ಹೊಸತಲ್ಲ. 2019ರಲ್ಲಿ ಏಳೂ ಲೋಕಸಭಾ ಸ್ಥಾನಗಳು ಬಿಜೆಪಿಗೆ; 2020ರಲ್ಲಿ ವಿಧಾನಸಭೆಯ 70ರಲ್ಲಿ 62 ಆಮ್ ಆದ್ಮಿ ಪಕ್ಷಕ್ಕೆ. ಹಾಗೆಂದು ಆ ಕೃಪೆ ಶಾಶ್ವತವೂ ಅಲ್ಲ: 2025ರಲ್ಲಿ ಅದೇ ವಿಧಾನಸಭೆಯ 48 ಸ್ಥಾನಗಳು ಬಿಜೆಪಿಯ ಪಾಲಾದವು.

ಒಂದು ಪಕ್ಷಕ್ಕೆ ಇನ್ನೊಂದು ಅಂಕುಶವಾಗಲೆಂದು ಜನ ಲೆಕ್ಕ ಹಾಕಿ ಮತ ಹಂಚುತ್ತಾರೆಂದು ಕೆಲವು ಪಂಡಿತರು ಹೇಳುವುದುಂಟು. ಅಂಥವರು ಇರಬಹುದು, ವಿರಳ. ಬಹುಪಾಲು ಜನ ತಮ್ಮ ಮುಂದಿರುವ ಹುದ್ದೆಯನ್ನು ನೋಡಿ ಆಳನ್ನು ಆರಿಸುತ್ತಾರೆ.

ಇದು ಅರ್ಥವಾಗದಿರುವುದು ಸಮುದಾಯಗಳ ಮುಖಂಡರಿಗೆ. ಚುನಾವಣೆ ಬಂದೊಡನೆ ಅವರು ಶಾಲು ಹೊದ್ದು ವೇದಿಕೆಯೇರಿ ‘ನಮ್ಮ ಸಮಾಜದ ಮತವೆಲ್ಲ ನಿಮಗೇ’ ಎಂದು ಒಂದು ಪಕ್ಷಕ್ಕೆ ಮಾತು ಕೊಡುತ್ತಾರೆ. ಎಣಿಕೆಯ ನಂತರ ತಮ್ಮವರೇ ಕೈಕೊಟ್ಟರೆಂದು ಮುನಿಯುತ್ತಾರೆ. ಮಾತು ಕೊಡುವ ಮುನ್ನ ಮನೆಯ ಸೊಸೆಯನ್ನಾದರೂ ಅವರು ಕೇಳಿದ್ದರೇ?