ಸೊನ್ನೆ ಗಂಟೆಯ ವಿಮಾನ



ಮೂವತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಪಾಠಮಾಡುತ್ತಿರುವವನು ನಾನು. ಒಂದು ಪದವನ್ನು ತಪ್ಪಾಗಿ ಬಿಡಿಸಿದರೆ ಅರ್ಥವೆಲ್ಲ ಹೇಗೆ ಕೆಟ್ಟುಹೋಗುವುದೆಂಬುದನ್ನು ನೂರಾರು ಸಲ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಎರಡು ಸೊನ್ನೆಗಳನ್ನು ತಪ್ಪಾಗಿ ಓದಿದರೆ ಇಡೀ ಒಂದು ದಿನವೇ ಕೈಬಿಟ್ಟುಹೋಗುವುದೆಂಬ ಪಾಠವನ್ನು ನಾನು ಕಲಿತದ್ದು ಈಚೆಗೆ. ಅದೂ ದೇವನಹಳ್ಳಿಯ ವಿಮಾನನಿಲ್ದಾಣದ ಬಾಗಿಲಲ್ಲಿ, ರಾತ್ರಿ ಹತ್ತೂವರೆ ಗಂಟೆಗೆ, ಎಂಬತ್ತೊಂದು ವರ್ಷದ ತಾಯಿಯ ಕೈ ಹಿಡಿದು ನಿಂತಿದ್ದಾಗ.

ನಮ್ಮ ಚಿಕ್ಕಮ್ಮ, ಎಂದರೆ ನನ್ನ ತಾಯಿಯ ಒಡಹುಟ್ಟಿದ ತಂಗಿ, ಇರುವುದು ಮುಂಬಯಿಯಲ್ಲಿ. ಅವರ ಹೊಟ್ಟೆಯಲ್ಲಿ ಗೆಡ್ಡೆಯೊಂದು ಬೆಳೆದು, ಶನಿವಾರ ಬೆಳಗ್ಗೆ ಶಸ್ತ್ರಕ್ರಿಯೆಯೆಂದು ಗೊತ್ತಾಯಿತು. ಎಪ್ಪತ್ತೈದು ದಾಟಿದ ದೇಹ. ವೈದ್ಯರು ಅಭಯವನ್ನೂ ಕೊಡಲಿಲ್ಲ, ಆಸೆಯನ್ನೂ ಬಿಡಿಸಲಿಲ್ಲ. ಚಿಕ್ಕಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದರು: “ನನ್ನನ್ನ ಒಳಕ್ಕೆ ಕರ್ಕೊಂಡು ಹೋಗೋದರೊಳಗೆ ಒಂದ್ಸಲ ಅಕ್ಕನ ಮುಖ ನೋಡಬೇಕು.” ಅಕ್ಕತಂಗಿಯರು ಒಬ್ಬರನ್ನೊಬ್ಬರು ಕಂಡು ನಾಲ್ಕು ವರ್ಷವಾಗಿತ್ತು. ರೈಲಿನ ಪ್ರಯಾಣವನ್ನು ತಾಯಿಯ ಮಂಡಿಗಳು ತಡೆಯುವಂತಿರಲಿಲ್ಲ. ಆದುದರಿಂದ ವಿಮಾನವೆಂದು ನಿಶ್ಚಯಿಸಿದೆವು.

ಮಗಳು “ನಾನು ಟಿಕೆಟ್ ತೆಗೆದುಕೊಡ್ತೀನಪ್ಪ” ಎಂದಳು. “ಪಂಡಿತನಿಗೆ ನಾಲ್ಕಕ್ಷರ ಓದಲು ಬರುವುದಿಲ್ಲವೇ?” ಎಂದು ನಾನೇ ಮೊಬೈಲನ್ನು ಹಿಡಿದು ಕುಳಿತೆ. ತಾರೀಖು 14, ಶುಕ್ರವಾರ. ಹೊರಡುವ ವೇಳೆ 00:40. ಅರ್ಥಮಾಡಿಕೊಂಡೆ: ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಟರೆ ಹನ್ನೆರಡು ನಲವತ್ತಕ್ಕೆ ವಿಮಾನ, ಎರಡೂವರೆಯ ಹೊತ್ತಿಗೆ ಮುಂಬಯಿ, ಬೆಳಗ್ಗೆ ಆರಕ್ಕೆಲ್ಲ ಚಿಕ್ಕಮ್ಮನ ಹಾಸಿಗೆಯ ಬಳಿ. ಇದಕ್ಕಿಂತ ಅನುಕೂಲವಾದ ಮುಹೂರ್ತವುಂಟೆ? ಹಣ ಕಟ್ಟಿದೆ. ಗುರುವಾರ ಸಂಜೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಎರಡು ಸಂದೇಶಗಳು ಬಂದುವು. ಪ್ರಯಾಣಕ್ಕೆ ಇನ್ನೂ ಒಂದು ದಿನವಿರುವಾಗಲೇ ಇಷ್ಟು ಆತುರವೇಕೆಂದುಕೊಂಡು ಪಕ್ಕಕ್ಕಿಟ್ಟೆ.

ಶುಕ್ರವಾರ ರಾತ್ರಿ ನಿಲ್ದಾಣದ ಬಾಗಿಲಲ್ಲಿ ಕಾವಲಿನ ಯೋಧ ಟಿಕೆಟ್ಟನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಟಿಕೆಟ್ಟನ್ನು ನೋಡಿದ. ಹಿಂದಿಯಲ್ಲಿ ಬಹಳ ಮೃದುವಾಗಿಯೇ ಹೇಳಿದ: ಈ ವಿಮಾನ ನಿನ್ನೆ ರಾತ್ರಿಯೇ ಹೋಯಿತು.

ನಾನು ವಾದಿಸಿದೆ. ಇಂದು 14 ಅಲ್ಲವೆ? ಶುಕ್ರವಾರವಲ್ಲವೆ? ಆತ ತನ್ನ ಕೈಗಡಿಯಾರವನ್ನು ತೋರಿಸಿ, 14ನೆಯ ತಾರೀಖು ಹುಟ್ಟಿದ ನಲವತ್ತನೆಯ ನಿಮಿಷಕ್ಕೆ ವಿಮಾನ ಹಾರಿತೆಂದೂ, ಈಗ ಆ ತಾರೀಖು ಮುಗಿಯುತ್ತ ಬಂದಿದೆಯೆಂದೂ ವಿವರಿಸಿದ. ಆಗ ನನಗೆ ತಿಳಿಯಿತು. ನಾವು ಗುರುವಾರ ರಾತ್ರಿ ಹೊರಡಬೇಕಾಗಿತ್ತು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಗೊರಕೆಹೊಡೆಯುತ್ತಿದ್ದೆ. ಸೊನ್ನೆ ನಮ್ಮ ನಾಡಿನ ಕೊಡುಗೆಯೆಂದು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುವ ನಾನು ಆ ಸೊನ್ನೆಯ ಕೈಯಲ್ಲೇ ಪೆಟ್ಟು ತಿಂದೆ.

ಅಷ್ಟರಲ್ಲಿ ಫೋನು ಮೊಳಗಿತು. ಚಿಕ್ಕಮ್ಮನ ಮಗ. “ಹೊರಟ್ರಾ ಅಣ್ಣ? ಅಮ್ಮ ನಿದ್ದೆ ಮಾಡ್ತಿಲ್ಲ, ಕೇಳ್ತಾನೇ ಇದ್ದಾರೆ.” ನಾನು ಏನು ಹೇಳಲಿ? “ನಿಲ್ದಾಣದಲ್ಲಿದ್ದೇವಪ್ಪ” ಎಂದೆ. ಅದು ಸುಳ್ಳಲ್ಲ, ಆದರೆ ಸತ್ಯವೆಂದು ಹೇಳಲೂ ನಾಲಿಗೆ ಹಿಂಜರಿಯಿತು.

ವಿಮಾನಸಂಸ್ಥೆಯ ಕೌಂಟರಿಗೆ ಓಡಿದೆ. ಆ ರಾತ್ರಿ ಮುಂಬಯಿಗೆ ಹೋಗುವ ಉಳಿದ ವಿಮಾನದಲ್ಲಿ ಜಾಗವಿರಲಿಲ್ಲ. ಬೆಳಗ್ಗೆ ಆರು ಗಂಟೆ ಹತ್ತು ನಿಮಿಷದ್ದರಲ್ಲಿ ಎರಡು ಸ್ಥಳಗಳಿದ್ದುವು. ಬೆಲೆ ಮೊದಲಿನದರ ಎರಡೂವರೆಯಷ್ಟು. ಕೊಟ್ಟೆ. ಕೌಂಟರಿನ ಹುಡುಗಿ ತಾಯಿಯ ಆಧಾರ್ ಚೀಟಿಯನ್ನೂ ನನ್ನ ಹಳೆಯ ಟಿಕೆಟ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, “ಸರ್, ನಿನ್ನೆ ಬಂದಿದ್ರೂ ನಿಮಗೆ ತೊಂದರೆ ಆಗ್ತಿತ್ತು” ಎಂದಳು. ಒಂದೇ ಟಿಕೆಟ್ಟಿನಲ್ಲಿ ಎರಡು ತಪ್ಪು!

ಈ ಎರಡನೆಯ ತಪ್ಪು ಸ್ವಲ್ಪ ಕುತೂಹಲಕರವಾದುದು. ನನ್ನ ತಾಯಿಗೆ ಇರುವುದು ಒಂದೇ ಹೆಸರು. ಆಧಾರಿನಲ್ಲೂ ಅಷ್ಟೆ. ಟಿಕೆಟ್ಟಿನ ನಮೂನೆಯಾದರೋ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಮನೆಗಳನ್ನು ಬರೆದಿಟ್ಟು, ಎರಡೂ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ನಾನು ಎರಡನೆಯ ಮನೆಯಲ್ಲಿ ನಮ್ಮ ಊರಿನ ಹೆಸರನ್ನು ತುಂಬಿಬಿಟ್ಟಿದ್ದೆ. ಉತ್ತರ ಕರ್ನಾಟಕದ ಕಡೆ ಮನೆತನದ ಹೆಸರು ಕೊನೆಯಲ್ಲಿ ಬರುವುದರಿಂದ ಅವರಿಗೆ ಈ ತೊಡಕು ಕಡಮೆ. ಹಳೆಯ ಮೈಸೂರಿನ ನಮಗೆ ಹೆಸರಿನ ಹಿಂದೆ ಒಂದೆರಡು ಅಕ್ಷರಗಳು. ಅವುಗಳಲ್ಲಿ ಒಂದು ಊರಿನದು, ಇನ್ನೊಂದು ತಂದೆಯದು. ಇವುಗಳಲ್ಲಿ ಯಾವುದು ‘ಕೊನೆಯ ಹೆಸರು’? ಅದು ಸಾಲದೆಂದು ನಮ್ಮ ‘ಕ್ಷ’ಕಾರವನ್ನು ಇಂಗ್ಲಿಷಿನಲ್ಲಿ ಒಬ್ಬರು ಮೂರು ಅಕ್ಷರಗಳಿಂದ ಬರೆದರೆ ಇನ್ನೊಬ್ಬರು ಒಂದರಿಂದ ಮುಗಿಸುತ್ತಾರೆ. ಮನೆಯಲ್ಲಿ ಎಲ್ಲವೂ ನಡೆಯುತ್ತದೆ. ಬಾಗಿಲ ಕಾವಲಿನವನು ಮಾತ್ರ ಟಿಕೆಟ್ಟಿನ ಹೆಸರನ್ನೂ ಗುರುತುಚೀಟಿಯ ಹೆಸರನ್ನೂ ಹೋಲಿಸಿ ನೋಡುತ್ತಾನೆ. ಅದು ಅವನ ಕರ್ತವ್ಯ. ಹೊರದೇಶದ ವಿಷಯದಲ್ಲಿ ಇದು ಇನ್ನೂ ಬಿಗಿ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ತಿಳಿಸಿದರು. ಬಳಿಕ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದೆಂದು ಸಡಿಲಿಸಿದರು.

ಆ ಹುಡುಗಿ ಎರಡೂ ಮನೆಗಳಲ್ಲಿ ತಾಯಿಯ ಒಂದೇ ಹೆಸರನ್ನು ಬರೆದಳು. ಒಂಟಿ ಹೆಸರಿನವರಿಗೆ ಹೀಗೆ ಮಾಡುವುದು ರೂಢಿಯಂತೆ. ತಾಯಿಗೆ ನಗೆ ಬಂತು. “ಒಂದ್ಸಲ ಕೂಗಿದ್ರೆ ಕೇಳಿಸಲ್ಲ ಅಂತ ಎರಡು ಸಲ ಕೂಗ್ತಾರೇನೋ” ಎಂದರು.

ಅಲ್ಲಿಂದ ಬೆಳಗಿನವರೆಗೆ ಹೊರಗಿನ ಆಸನಗಳ ಮೇಲೆ ಕುಳಿತೆವು. ಯಾರೋ ಪುಣ್ಯಾತ್ಮರು ತಾಯಿಗೆ ಗಾಲಿಕುರ್ಚಿ ತಂದುಕೊಟ್ಟರು. ನಾನು ಒಂದು ಮಾತೂ ಆಡಲಾರದೆ ತಲೆತಗ್ಗಿಸಿ ಕುಳಿತಿದ್ದೆ. ಶಸ್ತ್ರಕ್ರಿಯೆ ಒಂಬತ್ತಕ್ಕೆ, ನಾವು ಇಳಿಯುವುದು ಎಂಟಕ್ಕೆ, ಮುಂಬಯಿಯ ರಸ್ತೆಗಳು ಯಾರ ಮಾತನ್ನು ಕೇಳುತ್ತವೆ? ಸುಮಾರು ಮೂರು ಗಂಟೆಯ ಹೊತ್ತಿಗೆ ತಾಯಿ ಕೇಳಿದರು: “ಈಗ ಯಾವ ವಾರವೋ?” “ಶನಿವಾರ ಕಣಮ್ಮ” ಎಂದೆ. “ಅದು ಹ್ಯಾಗೆ? ಸೂರ್ಯ ಹುಟ್ಟೋವರೆಗೂ ಶುಕ್ರವಾರಾನೇ. ನೀನು ಶುಕ್ರವಾರದ ರಾತ್ರಿ ಅಂತ ತಿಳ್ಕೊಂಡೆ, ಸರಿಯಾಗೇ ತಿಳ್ಕೊಂಡಿದ್ದೀಯ. ಅವರು ತಪ್ಪು ಬರ್ದಿದ್ದಾರೆ.”

ನನ್ನನ್ನು ಸಮಾಧಾನಪಡಿಸಲು ಆಡಿದ ಮಾತೇನೋ ನಿಜ. ಆದರೆ ಅದರಲ್ಲಿ ಶಾಸ್ತ್ರವೂ ಇದೆ. ನಮ್ಮ ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಏಕಾದಶಿಯ ಉಪವಾಸವನ್ನು ಗಡಿಯಾರ ನೋಡಿ ಆರಂಭಿಸುವವರು ನಮ್ಮಲ್ಲಿಲ್ಲ. ಯೆಹೂದ್ಯರಿಗೂ ಮುಸಲ್ಮಾನರಿಗೂ ದಿನ ಆರಂಭವಾಗುವುದು ಸೂರ್ಯಾಸ್ತದಿಂದ. ಹಾಗಾದರೆ ಅರ್ಧರಾತ್ರಿಯಲ್ಲಿ ದಿನ ಹುಟ್ಟಿಸುವುದು ಪರಕೀಯರ ಕುಚೋದ್ಯವೆಂದು ಬೈದುಬಿಡೋಣವೆ? ಅದಕ್ಕೂ ಅವಕಾಶವಿಲ್ಲ. ನಮ್ಮ ಆರ್ಯಭಟನೇ ದಿನವನ್ನು ಸೂರ್ಯೋದಯದಿಂದ ಎಣಿಸುವ ಔದಯಿಕ ಪದ್ಧತಿಯೊಂದನ್ನೂ, ಮಧ್ಯರಾತ್ರಿಯಿಂದ ಎಣಿಸುವ ಅರ್ಧರಾತ್ರಿಕ ಪದ್ಧತಿಯೊಂದನ್ನೂ ಹೇಳಿದ್ದವನು. ಬ್ರಹ್ಮಗುಪ್ತನು 665ರಲ್ಲಿ ರಚಿಸಿದ ‘ಖಂಡಖಾದ್ಯಕ’ವು ಈ ಎರಡನೆಯದನ್ನೇ ಅನುಸರಿಸುತ್ತದೆ. ವಿಮಾನದವರು ಅರ್ಧರಾತ್ರಿಕರು, ನನ್ನ ತಾಯಿ ಔದಯಿಕರು, ನಡುವೆ ಸಿಕ್ಕಿಕೊಂಡವನು ನಾನು.

ವಿಮಾನ ಹೊತ್ತಿಗೆ ಸರಿಯಾಗಿಯೇ ಇಳಿಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಒಂಬತ್ತೂಕಾಲು. ಚಿಕ್ಕಮ್ಮನನ್ನು ಕಾಲು ಗಂಟೆಯ ಹಿಂದೆಯೇ ಒಳಕ್ಕೆ ಒಯ್ದಿದ್ದರು. ಬಾಗಿಲು ಮುಚ್ಚುವವರೆಗೂ ಅವರು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆಂದು ಅವರ ಮಗ ಹೇಳಿದ. ಅದನ್ನು ಅವನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ತಾಯಿ ಆ ಮುಚ್ಚಿದ ಬಾಗಿಲಿನ ಎದುರು ಬೆಂಚಿನ ಮೇಲೆ ಕುಳಿತರು. ಕಾಫಿ ಬೇಡವೆಂದರು, ಊಟ ಬೇಡವೆಂದರು. ನನ್ನ ಮೇಲೆ ಒಂದು ಕಠಿನವಾದ ಮಾತು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು, ಬರಲಿಲ್ಲ. ನಾಲ್ಕೂವರೆ ಗಂಟೆಗಳಾದ ಮೇಲೆ ವೈದ್ಯರು ಹೊರಗೆ ಬಂದು, ಗೆಡ್ಡೆಯನ್ನು ತೆಗೆದಿದ್ದೇವೆ, ತಾಳಿಕೊಂಡಿದ್ದಾರೆ ಎಂದರು. ಸಂಜೆ ಐದು ನಿಮಿಷ ಒಳಗೆ ಬಿಟ್ಟರು. ಚಿಕ್ಕಮ್ಮ ಅರೆಗಣ್ಣು ತೆರೆದು, “ಯಾವಾಗ ಬಂದ್ಯೇ ಅಕ್ಕ?” ಎಂದರು. ತಾಯಿ ಅವರ ಹಣೆಯ ಮೇಲೆ ಕೈಯಿಟ್ಟು, “ನಿನ್ನೇನೇ ಹೊರಟೆ ಕಣೇ” ಎಂದರು. ಆ ಉತ್ತರ ಗಡಿಯಾರಕ್ಕೂ ಸರಿ, ಪಂಚಾಂಗಕ್ಕೂ ಸರಿ. ಚಿಕ್ಕಮ್ಮ ಈಗ ಮನೆಯಲ್ಲಿ ಓಡಾಡಿಕೊಂಡಿದ್ದಾರೆ. ಆದರೆ ಆ ದಿನ ಬೇರೆ ರೀತಿ ಆಗಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ರಾತ್ರಿ ಎಬ್ಬಿಸುವುದುಂಟು.

ಹಿಂದೆ ಟಿಕೆಟ್ಟೆಂದರೆ ಕಾಗದದ ಪುಸ್ತಕ. ಅದನ್ನು ಬರೆದುಕೊಡುವ ಗುಮಾಸ್ತನೊಬ್ಬ ಮೇಜಿನ ಆಚೆ ಕುಳಿತಿರುತ್ತಿದ್ದ. “ಗುರುವಾರ ರಾತ್ರಿಯೇ ಬರಬೇಕು ಸ್ವಾಮಿ” ಎಂಬ ಒಂದು ಮಾತನ್ನು ಅವನು ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದ. ಪ್ರಪಂಚದ ವಿಮಾನಸಂಸ್ಥೆಗಳ ಒಕ್ಕೂಟವು 2008ರ ಜೂನ್ 1ರಿಂದ ಕಾಗದದ ಟಿಕೆಟ್ಟನ್ನು ಕೈಬಿಟ್ಟಿತು. ಈಗ ಕೊಳ್ಳುವವರೂ ನಾವೇ, ಗುಮಾಸ್ತರೂ ನಾವೇ. ಅಗ್ಗವೂ ಆಯಿತು, ಸುಲಭವೂ ಆಯಿತು. ಆದರೆ ಆ ಗುಮಾಸ್ತನ ಎಚ್ಚರಿಕೆಯನ್ನು ಈಗ ನಾವೇ ಇಟ್ಟುಕೊಳ್ಳಬೇಕಾಗಿದೆ.

ಆದುದರಿಂದ ನನ್ನ ಅನುಭವದ ನಾಲ್ಕು ಮಾತು. ವಿಮಾನದ ವೇಳೆ ಸೊನ್ನೆಯಿಂದ ಮೊದಲಾಗಿದ್ದರೆ, ತಾರೀಖಿನ ಹಿಂದಿನ ಸಂಜೆಯೇ ಮನೆ ಬಿಡಬೇಕೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹೆಸರನ್ನು ಗುರುತುಚೀಟಿ ಎದುರಿಗಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ. ವಿಮಾನಸಂಸ್ಥೆಯಿಂದಲೇ ನೇರವಾಗಿ ಕೊಂಡಿದ್ದು, 24 ಗಂಟೆಗಳೊಳಗೆ ಹೆಸರಿನ ಸಣ್ಣ ಅಕ್ಷರದೋಷವನ್ನು ತಿಳಿಸಿದರೆ ಶುಲ್ಕವಿಲ್ಲದೆ ತಿದ್ದಿಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ವಿಮಾನ ತಪ್ಪಿಹೋದರೂ, ಟಿಕೆಟ್ಟಿನಲ್ಲಿ ಸೇರಿರುವ ಸರ್ಕಾರದ ತೆರಿಗೆಗಳನ್ನೂ ನಿಲ್ದಾಣದ ಬಳಕೆಯ ಶುಲ್ಕವನ್ನೂ ಹಿಂದಕ್ಕೆ ಕೊಡಬೇಕು. ಬಹಳ ಮಂದಿ ಕೇಳುವುದೇ ಇಲ್ಲ; ನಾನು ಕೇಳಿ ಪಡೆದೆ.

ಕೊನೆಯದು, ಎಲ್ಲಕ್ಕಿಂತ ಸುಲಭವಾದುದು: ಟಿಕೆಟ್ಟನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು ಒಂದು ಸಲ ಗಟ್ಟಿಯಾಗಿ ಓದಿಸಿ. ಮಕ್ಕಳ ಉತ್ತರಪತ್ರಿಕೆಯಲ್ಲಿ “ಇನ್ನೊಮ್ಮೆ ಓದಿ ಒಪ್ಪಿಸು” ಎಂದು ಕೆಂಪು ಶಾಯಿಯಲ್ಲಿ ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ನನ್ನ ಟಿಕೆಟ್ಟಿನ ಮೇಲೆ ಅದನ್ನು ಬರೆಯಲು ಮಗಳು ಸಿದ್ಧಳಾಗಿದ್ದಳು. ನಾನೇ ಅವಳ ಕೈಗೆ ಕೊಡಲಿಲ್ಲ.