ಮೂವತ್ತು ಏನು?



ಸೆಖೆ 30 ಡಿಗ್ರಿ ಮೀರಿದೊಡನೆ ತಾನಾಗಿ ತಿರುಗುವ ಪುಟ್ಟ ಫ್ಯಾನಿಗಾಗಿ ನಮ್ಮ ಮನೆಯ ಹುಡುಗ ಕಂಪ್ಯೂಟರಿನಲ್ಲಿ ಫ್ಲೋಚಾರ್ಟ್ ರಚಿಸಿ, ಆರ್ಡುಯಿನೊ ಊನೊ ಹಲಗೆಗೆ ತುಂಬಿದನು. ವಜ್ರಾಕಾರದ ಪ್ರಶ್ನೆಯ ಮನೆಯಲ್ಲಿ ‘30 ಮೀರಿತೇ?’ ಎಂದು ಬರೆದಿದ್ದನು. ಬೆಳಗಿನ ತಂಪಿನಲ್ಲೂ ಫ್ಯಾನು ನಿಲ್ಲಲಿಲ್ಲ. ನಕ್ಷೆಯನ್ನು ಕನ್ನಡದಲ್ಲಿ ವಿವರಿಸು ಎಂದೆವು. ಅಜ್ಜಿ ಕೇಳಿದರು: “ಮೂವತ್ತು ಏನೋ, ಮಗು?”

ತಪ್ಪು ಅಲ್ಲಿಯೇ ಸಿಕ್ಕಿತು. ಆ ಯಂತ್ರ ಡಿಗ್ರಿಯನ್ನರಿಯದು. 5 ವೋಲ್ಟನ್ನು 1024 ಪಾಲು ಮಾಡಿ ಎಣಿಸುತ್ತದೆ. ಎಲ್‌ಎಂ35 ಸಂವೇದಕ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವುದರಿಂದ 30 ಡಿಗ್ರಿಗೆ ಎಣಿಕೆ ಸುಮಾರು 61. ಎಣಿಕೆ 30 ಎಂದರೆ 15 ಡಿಗ್ರಿಯೂ ಅಲ್ಲ! ಹುಡುಗ 61 ಎಂದು ತಿದ್ದಿದನು, ಫ್ಯಾನು ನಿಂತಿತು.

ಬಂಧುಗಳೇ, ರೂಪಾಯಿಯೋ ಪೈಸೆಯೋ ಎಂದು ಕೇಳದೆ ಲೆಕ್ಕ ಒಪ್ಪುವುದುಂಟೇ? ಮಕ್ಕಳು ಕಲಿತುದನ್ನು ಮನೆಮಾತಿನಲ್ಲಿ ಹೇಳಿಸಿ ಕೇಳೋಣ.